ಮನೆಯ ಗಾರೆ ಕೆಲಸಕ್ಕೆ ಕೈಯಲ್ಲಿ ಹಿಡಿಯುವ ಮಿಕ್ಸರ್: ವ್ಯಾಟ್ ನೋಡಬೇಕೋ, ವೇಗ ನೋಡಬೇಕೋ?

ಹಳೆಗೋಡೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಎರಡು ಕೋಣೆಗಳಲ್ಲಿ ಗೋಡೆಯ ಗಾರೆ ಅಲ್ಲಲ್ಲಿ ಇಟ್ಟಿಗೆಯಿಂದ ಬಿಟ್ಟುಕೊಂಡಿದೆ. ಬೆರಳ ಗೆಣ್ಣಿನಿಂದ ತಟ್ಟಿ, ಪೊಳ್ಳು ಶಬ್ದ ಬಂದ ಕಡೆಯಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಹಾಕುತ್ತ ಹೋದೆ. ಕೊನೆಗೆ ಅಳೆದು ನೋಡಿದರೆ ಸುಮಾರು 20 ಚದರ ಮೀಟರ್ ಆಯಿತು. ಅಷ್ಟನ್ನೂ ಇಟ್ಟಿಗೆ ಕಾಣುವವರೆಗೆ ಕೆತ್ತಿ ತೆಗೆದು, 12 ಮಿಲಿಮೀಟರ್ ದಪ್ಪಕ್ಕೆ ಸಿಮೆಂಟು ಮರಳಿನ ಗಾರೆ ಮಾಡಿ, ಅದು ನೀರುಂಡು ಗಟ್ಟಿಯಾಗಿ ಪೂರ್ತಿ ಒಣಗಿದ ಮೇಲೆ ಎರಡೂ ಕೋಣೆಗಳ ಗೋಡೆಗಳಿಗೆ ತೆಳುವಾಗಿ ಜಿಪ್ಸಮ್ ಪ್ಲಾಸ್ಟರ್ ಎಳೆಯಬೇಕೆಂದು ನಿರ್ಧರಿಸಿದ್ದೇನೆ. ಕರಣೆ ಹಿಡಿದು ಸಣ್ಣಪುಟ್ಟ ತೇಪೆ ಹಾಕಿದ ಅನುಭವವಿದೆ. ಇಷ್ಟು ದೊಡ್ಡ ಕೆಲಸ ಇದೇ ಮೊದಲು.

ಮಾಲು ಕಲಸಲು ನನ್ನಲ್ಲಿರುವುದು 600 ವ್ಯಾಟಿನ ಸಾಮಾನ್ಯ ಡ್ರಿಲ್ ಮಾತ್ರ. ಕಳೆದ ತಿಂಗಳು ಅದಕ್ಕೆ ಕಲಕುವ ಕೋಲನ್ನು ಸಿಕ್ಕಿಸಿ ಅರ್ಧ ಬಕೆಟ್ ಗಾರೆ ಕಲಸಿದೆ. ಎರಡನೆಯ ನಿಮಿಷಕ್ಕೇ ಗಾಳಿಯ ಕಿಂಡಿಗಳಿಂದ ಸುಟ್ಟ ವಾರ್ನಿಷ್‌ನಂಥ ವಾಸನೆ ಬಂತು. ಗೇರಿನ ಪೆಟ್ಟಿಗೆಯ ಮೇಲೆ ಕೈಯಿಡಲಾಗದಷ್ಟು ಬಿಸಿಯಾಗಿತ್ತು. ಬಕೆಟ್ಟಿನ ತಳದಲ್ಲಿ ಮಾತ್ರ ಒಣ ಮರಳು ಹಾಗೆಯೇ ಉಳಿದಿತ್ತು. ಆದ್ದರಿಂದ ಗಾರೆಗೆಂದೇ ತಯಾರಾದ, ಎರಡು ಕೈಯಲ್ಲಿ ಹಿಡಿಯುವ ಮಿಕ್ಸರ್ ಕೊಳ್ಳುವ ಯೋಚನೆಯಿದೆ. ಆದರೆ 1050 ವ್ಯಾಟ್, 1400 ವ್ಯಾಟ್, 1800 ವ್ಯಾಟ್ ಎಂದು ಹಲವು ಬಗೆಗಳಿವೆ. ಕೆಲವಕ್ಕೆ ಒಂದೇ ಗೇರ್, ಕೆಲವಕ್ಕೆ ಎರಡು. ಹೆಚ್ಚು ವ್ಯಾಟ್ ಇರುವುದನ್ನೇ ಕೊಂಡರೆ ಸಾಕೇ? ಸಿಮೆಂಟಿಗೂ ಜಿಪ್ಸಮ್ಮಿಗೂ ಒಂದೇ ಯಂತ್ರ ಆಗುತ್ತದೆಯೇ? ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಗಾರೆಕೈ (ಉತ್ತರ):

ನಿಮ್ಮ ಡ್ರಿಲ್‌ಗೆ ಆಗಿದ್ದೇನು ಎಂಬುದನ್ನು ಅರ್ಥಮಾಡಿಕೊಂಡರೆ ಯಾವ ಯಂತ್ರ ಬೇಕೆಂಬುದೂ ಬಹುಮಟ್ಟಿಗೆ ತಿಳಿಯುತ್ತದೆ. ಯಂತ್ರದ ಮೇಲೆ ಬರೆದಿರುವ ವ್ಯಾಟ್ ಅದು ತಂತಿಯಿಂದ ಎಳೆಯುವ ವಿದ್ಯುತ್ತಿನ ಲೆಕ್ಕವೇ ಹೊರತು ಕೋಲಿನ ತುದಿಗೆ ಬರುವ ಬಲದ ಲೆಕ್ಕವಲ್ಲ. ಅದೇ ಶಕ್ತಿಯನ್ನು ನಿಧಾನವಾಗಿ ತಿರುಗಿಸಿದಷ್ಟೂ ತಿರುಚುವ ಬಲ, ಅಂದರೆ ಟಾರ್ಕ್, ಹೆಚ್ಚುತ್ತದೆ. 600 ವ್ಯಾಟಿನ ಡ್ರಿಲ್‌ನಲ್ಲಿ ಬಿಸಿಯಾಗಿ ಹೋಗುವುದನ್ನು ಕಳೆದು ಸುಮಾರು 360 ವ್ಯಾಟ್ ಕೋಲಿಗೆ ತಲುಪಿತೆಂದು ಇಟ್ಟುಕೊಳ್ಳಿ. ನಿಮಿಷಕ್ಕೆ 3000 ಸುತ್ತಿನಲ್ಲಿ ಅದು ಕೊಡುವ ಟಾರ್ಕ್ 1.2 ನ್ಯೂಟನ್ ಮೀಟರ್‌ಗಿಂತಲೂ ಕಡಿಮೆ. 1400 ವ್ಯಾಟಿನ ಮಿಕ್ಸರಿನಲ್ಲಿ ಅದೇ ಪ್ರಮಾಣದಲ್ಲಿ 840 ವ್ಯಾಟ್ ತಲುಪಿ, ಕೋಲು ನಿಮಿಷಕ್ಕೆ 450 ಸುತ್ತು ತಿರುಗಿದರೆ ಟಾರ್ಕ್ ಸುಮಾರು 18 ನ್ಯೂಟನ್ ಮೀಟರ್ ಆಗುತ್ತದೆ. ವ್ಯಾಟ್ ಎರಡೂವರೆ ಪಟ್ಟೂ ಹೆಚ್ಚಿಲ್ಲ, ಬಲ ಮಾತ್ರ ಹದಿನೈದು ಪಟ್ಟು ಹೆಚ್ಚಾಯಿತು. ಈ ವ್ಯತ್ಯಾಸವನ್ನು ಉಂಟುಮಾಡುವುದು ಒಳಗಿರುವ ಗೇರ್. ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ಮೊದಲು ನೋಡಬೇಕಾದ್ದು ಕಡಿಮೆ ಗೇರಿನ ವೇಗವನ್ನು. ವ್ಯಾಟನ್ನು ನೋಡುವುದು ಅದರ ನಂತರ.

ಇನ್ನು ನಿಮ್ಮ ಕೆಲಸದ ಪ್ರಮಾಣ. 20 ಚದರ ಮೀಟರಿಗೆ 12 ಮಿಲಿಮೀಟರ್ ದಪ್ಪವೆಂದರೆ 240 ಲೀಟರ್ ಹಸಿ ಗಾರೆ. ಲೀಟರಿಗೆ ಹತ್ತಿರಹತ್ತಿರ 2 ಕಿಲೋ ತೂಗುವುದರಿಂದ ಅದು ಅರ್ಧ ಟನ್ನಿಗೆ ಸಮೀಪ. ಇಟ್ಟಿಗೆಯ ಸಂದುಗಳಲ್ಲಿ ಸೇರಿಹೋಗುವುದು, ನೆಲಕ್ಕೆ ಉದುರುವುದು ಇವನ್ನೆಲ್ಲ ಸೇರಿಸಿದರೆ ಇನ್ನೂ ಹೆಚ್ಚಾಗುತ್ತದೆ. ಒಂದು ಸಲಕ್ಕೆ 20 ಲೀಟರ್ ಕಲಸಿದರೂ ಹದಿನಾಲ್ಕು ಹದಿನೈದು ಸಲ ಕಲಸಬೇಕು. ಸಲಕ್ಕೆ ನಾಲ್ಕು ನಿಮಿಷದಂತೆ ಯಂತ್ರ ಒಟ್ಟು ಒಂದು ಗಂಟೆ ಓಡುತ್ತದೆ, ಅದೂ ಹಲವು ದಿನಗಳಲ್ಲಿ ಹಂಚಿಹೋಗಿ. ಇದಕ್ಕೆ 1800 ವ್ಯಾಟಿನ ಭಾರದ ಯಂತ್ರ ಬೇಕಾಗಿಲ್ಲ. 1200ರಿಂದ 1600 ವ್ಯಾಟಿನೊಳಗಿನ, ಎರಡು ಗೇರುಗಳಿರುವ ಯಂತ್ರ ಸಾಕು. ಸಿಮೆಂಟಿನ ಗಾರೆಯಂಥ ಗಟ್ಟಿ ಮಾಲಿಗೆ ಮೊದಲ ಗೇರ್ 400-450 ಸುತ್ತಿನ ಆಸುಪಾಸಿನಲ್ಲಿರಲಿ. ತೆಳು ಮಾಲಿಗೆ ಎರಡನೆಯ ಗೇರ್ 600-700ರವರೆಗೆ ಹೋದರೆ ಸಾಲುತ್ತದೆ. ಅದಕ್ಕಿಂತ ವೇಗವಾಗಿ ತಿರುಗಿಸಿದರೆ ಮಾಲಿನೊಳಕ್ಕೆ ಗಾಳಿ ಸೇರುತ್ತದೆ, ಗೋಡೆಗೆ ಎಳೆದ ಮೇಲೆ ಸೂಜಿಮೊನೆಯಷ್ಟು ತೂತುಗಳು ಕಾಣಿಸಿಕೊಳ್ಳುತ್ತವೆ.

ಒಂದೇ ಗೇರಿದ್ದು ಗುಂಡಿಯೊತ್ತಿ ವೇಗ ತಗ್ಗಿಸುವ ಯಂತ್ರಗಳನ್ನು ಸಿಮೆಂಟಿನ ಗಾರೆಗೆ ನಾನು ಒಪ್ಪುವುದಿಲ್ಲ. ಅಲ್ಲಿ ತಗ್ಗುವುದು ಮೋಟಾರಿನ ವೇಗ ಮಾತ್ರ. ಗೇರಿನಿಂದ ಬರಬೇಕಾದ ಬಲ ಬರುವುದಿಲ್ಲ.

ಸುಣ್ಣದನೀರು (ಉತ್ತರ):

ಗಾರೆಕೈ ಅವರ ಮಾತನ್ನು ಒಪ್ಪುತ್ತಲೇ, ಯಂತ್ರದಷ್ಟೇ ಮುಖ್ಯವಾದ ಇನ್ನೊಂದು ವಿಷಯವನ್ನು ಸೇರಿಸಬಯಸುತ್ತೇನೆ. ಕೊಳ್ಳುವವರು ಮೋಟಾರಿನ ಬಗ್ಗೆ ಎಷ್ಟೋ ವಿಚಾರಿಸುತ್ತಾರೆ, ಕೊನೆಗೆ ಪೆಟ್ಟಿಗೆಯಲ್ಲಿ ಯಾವ ಪ್ಯಾಡಲ್, ಅಂದರೆ ಕಲಕುವ ಕೋಲು, ಬಂದಿದೆಯೋ ಅದರಲ್ಲೇ ಎಲ್ಲವನ್ನೂ ಕಲಸುತ್ತಾರೆ. ನಿಮ್ಮ ಬಕೆಟ್ಟಿನ ತಳದಲ್ಲಿ ಒಣ ಮರಳು ಉಳಿದದ್ದಕ್ಕೆ ಡ್ರಿಲ್ ಸೋತದ್ದು ಅರ್ಧ ಕಾರಣ, ಪ್ಯಾಡಲ್ಲಿನ ಆಕಾರ ಇನ್ನರ್ಧ ಕಾರಣವಾಗಿರಬಹುದು.

ಸುರುಳಿಯಾಕಾರದ ಪ್ಯಾಡಲ್‌ಗಳಲ್ಲಿ ಎರಡು ಜಾತಿ. ಒಂದು, ಮಾಲನ್ನು ತಳದಿಂದ ಮೇಲಕ್ಕೆ ಎತ್ತುತ್ತದೆ. ಮರಳಿರುವ ಭಾರದ ಗಾರೆಗೆ, ಟೈಲ್ಸ್ ಅಂಟಿಗೆ ಅದು ಸರಿ. ಇನ್ನೊಂದು, ಮೇಲಿನಿಂದ ಕೆಳಕ್ಕೆ ಒತ್ತುತ್ತದೆ; ತೆಳ್ಳಗಿನ ಮಾಲಿಗೆ ಅದು ಒಪ್ಪುತ್ತದೆ, ಏಕೆಂದರೆ ಹೊರಗೆ ಸಿಡಿಯುವುದಿಲ್ಲ, ಗಾಳಿಯೂ ಹೆಚ್ಚು ಸೇರುವುದಿಲ್ಲ. ಎರಡನ್ನೂ ಕಣ್ಣಿನಲ್ಲೇ ಗುರುತಿಸಬಹುದು. ಪ್ಯಾಡಲನ್ನು ನೆಟ್ಟಗೆ ಹಿಡಿದು, ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆಂದು ಭಾವಿಸಿಕೊಂಡು ನಿಧಾನವಾಗಿ ತಿರುಗಿಸಿರಿ. ಪಟ್ಟಿಯ ಮುಂದಿನ ಅಂಚು ನೇಗಿಲ ಕುಳದಂತೆ ಕೆಳಗಿದ್ದು ಹಿಂದಿನ ಭಾಗ ಮೇಲೇರುತ್ತ ಹೋದರೆ ಅದು ಎತ್ತುವ ಪ್ಯಾಡಲ್. ಮುಂದಿನ ಅಂಚು ಮೇಲಿದ್ದು ಹಿಂದೆ ಕೆಳಗಿಳಿದರೆ ಒತ್ತುವ ಪ್ಯಾಡಲ್. ಜಿಪ್ಸಮ್ಮಿಗೆ ಈ ಎರಡನೆಯದನ್ನೋ, ಸರಳುಗಳನ್ನು ಬುಟ್ಟಿಯಂತೆ ಬಾಗಿಸಿ ಮಾಡಿದ ಪ್ಯಾಡಲನ್ನೋ ಬಳಸಿರಿ.

ಪ್ಯಾಡಲ್ಲಿನ ಅಗಲವನ್ನು ಪಾತ್ರೆಗೆ ಹೊಂದಿಸಬೇಕು. ಪಾತ್ರೆಯ ಬಾಯಿಯ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ಇದ್ದರೆ ಮಾಲು ಚೆನ್ನಾಗಿ ಸುತ್ತು ಹೊಡೆಯುತ್ತದೆ. ನೀವು ನೋಡುತ್ತಿರುವ ಶಕ್ತಿಯ ಯಂತ್ರಗಳಿಗೆ 120ರಿಂದ 140 ಮಿಲಿಮೀಟರಿನ ಪ್ಯಾಡಲ್ ಸಾಮಾನ್ಯ. ಮೋಟಾರಿಗೆ ಹೇಳಿದ್ದಕ್ಕಿಂತ ಅಗಲವಾದ ಪ್ಯಾಡಲ್ ಹಾಕಿದರೆ ಎಷ್ಟೇ ಒಳ್ಳೆಯ ಗೇರಿದ್ದರೂ ಯಂತ್ರ ಏದುತ್ತದೆ. ಪ್ಯಾಡಲ್ ಕೂರುವ ಜಾಗ ಎಂ14 ತಿರುಪಿನದು, ಅಂದರೆ 14 ಮಿಲಿಮೀಟರ್ ವ್ಯಾಸದ ತಿರುಪಿನದು, ಆಗಿರಲಿ; ಆ ಅಳತೆಯ ಪ್ಯಾಡಲ್‌ಗಳು ಹೇರಳವಾಗಿ ಸಿಗುವುದರಿಂದ ಮುಂದೆ ಬದಲಿಸಲು ತೊಂದರೆಯಾಗುವುದಿಲ್ಲ. ಡ್ರಿಲ್ಲಿನ ಚಕ್ಕಿನಲ್ಲಿ (ಕೋಲನ್ನು ಕಚ್ಚಿ ಹಿಡಿಯುವ ಬಾಯಿಯಲ್ಲಿ) ಕೋಲು ಜಾರಿದ ಹಾಗೆ ಇಲ್ಲಿ ಜಾರುವುದಿಲ್ಲ, ಮಾಲಿನ ಪ್ರತಿರೋಧಕ್ಕೆ ತಿರುಪು ಇನ್ನಷ್ಟು ಬಿಗಿಯಾಗುತ್ತದೆ.

ಜಿಪ್ಸಮ್ಮಿನ ಬಗ್ಗೆ ಒಂದು ಎಚ್ಚರಿಕೆಯ ಮಾತು. ಬಕೆಟ್ಟಿಗೆ ಯಾವಾಗಲೂ ನೀರನ್ನು ಮೊದಲು ಹಾಕಿ, ಆಮೇಲೆ ಪುಡಿಯನ್ನು ಕೈಯಿಂದ ಉದುರಿಸುತ್ತ ಬರಬೇಕು. ಮೊದಮೊದಲು ಪುಡಿ ಬಿದ್ದ ಹಾಗೆಯೇ ನೀರಿನೊಳಗೆ ಇಳಿದುಹೋಗುತ್ತದೆ. ಆಮೇಲೆ ನೀರಿನ ಮೇಲೆ ಸಣ್ಣ ದಿಬ್ಬಗಳು ಎದ್ದು, ಅವುಗಳ ಅಂಚಿನಿಂದ ತೇವ ನಿಧಾನವಾಗಿ ಮೇಲೇರಿ, ಬಿಳಿಯ ಬಣ್ಣ ಬೂದಿಗೆ ತಿರುಗುವುದು ಕಾಣುತ್ತದೆ. ಅಲ್ಲಿಯವರೆಗೆ ತಾಳ್ಮೆಯಿಂದ ಕಾದು ಆನಂತರ ಯಂತ್ರ ಇಳಿಸಿದರೆ ಗಂಟು ಕಟ್ಟುವುದಿಲ್ಲ, ಒಂದೆರಡು ನಿಮಿಷದಲ್ಲಿ ಬೆಣ್ಣೆಯಂಥ ಹದ ಬರುತ್ತದೆ. ಅಲ್ಲಿಗೆ ನಿಲ್ಲಿಸಿಬಿಡಿ. ಹೆಚ್ಚು ಹೊತ್ತು ಕಲಕಿದಷ್ಟೂ ಜಿಪ್ಸಮ್ ಬೇಗ ಬಿಗಿಯುತ್ತದೆ. ಹಿಂದಿನ ಸಲದ ಗಟ್ಟಿಯಾದ ಚೂರುಗಳು ಪ್ಯಾಡಲ್ಲಿಗೋ ಬಕೆಟ್ಟಿಗೋ ಅಂಟಿಕೊಂಡಿದ್ದರೂ ಹಾಗೆಯೇ ಆಗುತ್ತದೆ. ಆ ಚೂರುಗಳೇ ಹೊಸ ಹರಳುಗಳು ಬೆಳೆಯಲು ಬೀಜವಾಗುತ್ತವೆ. ನನಗೊಮ್ಮೆ ಹೀಗೆಯೇ ಆಗಿ, ಅರ್ಧ ಗಂಟೆ ಕೈಗೆ ಸಿಗಬೇಕಾಗಿದ್ದ ಮಾಲು ಹತ್ತು ನಿಮಿಷಕ್ಕೇ ಬಕೆಟ್ಟಿನಲ್ಲಿ ಮೊಸರೊಡೆದಂತಾಯಿತು. ಅಂಥ ಮಾಲಿಗೆ ನೀರು ಸೇರಿಸಿ ಮತ್ತೆ ಕಲಸಿದರೆ ಮೆದುವಾಗುವುದು ತೋರಿಕೆಗೆ ಮಾತ್ರ, ಗೋಡೆಯ ಮೇಲೆ ಅದಕ್ಕೆ ಬಲ ಬರುವುದಿಲ್ಲ. ಆದ್ದರಿಂದ ಪಕ್ಕದಲ್ಲೇ ಶುದ್ಧ ನೀರಿನ ಇನ್ನೊಂದು ಬಕೆಟ್ ಇಟ್ಟುಕೊಂಡು, ಪ್ರತಿ ಸಲವೂ ಮಾಲು ಸುರಿದ ಕೂಡಲೇ ಪ್ಯಾಡಲನ್ನು ಅದರಲ್ಲಿ ತಿರುಗಿಸಿ ತೊಳೆಯಿರಿ. ಸಿಮೆಂಟಿಗೂ ಜಿಪ್ಸಮ್ಮಿಗೂ ಯಂತ್ರ ಒಂದೇ ಆಗಬಹುದು, ಪ್ಯಾಡಲ್ ಮತ್ತು ಬಕೆಟ್ ಬೇರೆಬೇರೆ ಇರಲಿ.

ಹಳೆಗೋಡೆ:

ಇಬ್ಬರಿಗೂ ಕೃತಜ್ಞತೆಗಳು. ಪ್ಯಾಡಲ್ಲಿನ ಅಂಚನ್ನು ನೇಗಿಲ ಕುಳಕ್ಕೆ ಹೋಲಿಸಿದ್ದು ತಕ್ಷಣ ಮನಸ್ಸಿಗೆ ಹಿಡಿಯಿತು. ನನ್ನಲ್ಲಿರುವ ಕೋಲನ್ನು ಹಾಗೆ ತಿರುಗಿಸಿ ನೋಡಿದರೆ ಅದು ಕೆಳಕ್ಕೆ ಒತ್ತುವ ಜಾತಿಯದು, ಬಣ್ಣ ಕಲಕಲು ಮಾಡಿದ್ದು. ಇನ್ನೆರಡು ಸಂಶಯಗಳಿವೆ. ಕೆಲಸ ನಡೆಯುವ ಕೋಣೆಗಳಲ್ಲಿ ಪ್ಲಗ್ ಪಾಯಿಂಟುಗಳನ್ನೆಲ್ಲ ಬಿಚ್ಚಿರುವುದರಿಂದ ಸುಮಾರು 30 ಮೀಟರ್ ದೂರದಿಂದ ಎಕ್ಸ್‌ಟೆನ್ಷನ್ ಎಳೆಯಬೇಕಾಗುತ್ತದೆ. ಅದರ ಬದಲು ಬ್ಯಾಟರಿಯ ಮಿಕ್ಸರ್ ಕೊಳ್ಳುವುದು ಒಳ್ಳೆಯದೇ? ಎರಡನೆಯದಾಗಿ, ನನಗೆ ಸೊಂಟದ ನೋವಿದೆ. ಯಂತ್ರದ ತೂಕಕ್ಕೆ ಎಷ್ಟು ಗಮನ ಕೊಡಬೇಕು?

ತಂತಿಬೆಸುಗೆ (ಉತ್ತರ):

ನಾನು ಇಂಥ ಯಂತ್ರಗಳನ್ನು ಬಿಚ್ಚಿ ರಿಪೇರಿ ಮಾಡುವವನು. ಆ ಕಡೆಯಿಂದ ಕೆಲವು ಮಾತು ಹೇಳುತ್ತೇನೆ.

ಬ್ಯಾಟರಿಯ ಲೆಕ್ಕವನ್ನು ನೀವೇ ಹಾಕಿ ನೋಡಬಹುದು. 18 ವೋಲ್ಟ್, 5 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಇರುವುದು 90 ವ್ಯಾಟ್ ಅವರ್. ಗಟ್ಟಿ ಗಾರೆಯಲ್ಲಿ ಯಂತ್ರ ಸರಾಸರಿ 900 ವ್ಯಾಟ್ ಎಳೆದರೆ ಅದು ಆರು ನಿಮಿಷಕ್ಕೆ ಖಾಲಿ. ಜಿಪ್ಸಮ್ಮಿಗೆ, ಪುಟ್ಟಿಗೆ, ಬಣ್ಣಕ್ಕೆ ಅದು ಅನುಕೂಲ. ನಿಮ್ಮ ಅರ್ಧ ಟನ್ ಗಾರೆಗೆ ತಂತಿಯ ಯಂತ್ರವೇ ಸರಿ.

ಆದರೆ ಆ ತಂತಿಯ ಬಗ್ಗೆ ಜಾಗ್ರತೆ ಬೇಕು. 230 ವೋಲ್ಟಿನಲ್ಲಿ 1400 ವ್ಯಾಟಿನ ಯಂತ್ರ ಸುಮಾರು 6 ಆಂಪಿಯರ್ ಎಳೆಯುತ್ತದೆ. 30 ಮೀಟರಿನ ಎಕ್ಸ್‌ಟೆನ್ಷನ್‌ನಲ್ಲಿ ತಾಮ್ರದ ಎಳೆ 0.75 ಚದರ ಮಿಲಿಮೀಟರಿನದಾದರೆ ಹೋಗಿಬರುವ ದಾರಿಯಲ್ಲೇ ಎಂಟು ವೋಲ್ಟಿಗೂ ಹೆಚ್ಚು ಕಳೆದುಹೋಗುತ್ತದೆ, ಪ್ಯಾಡಲ್ ಸಿಕ್ಕಿಕೊಂಡು ಕರೆಂಟು ಏರಿದಾಗ ಇನ್ನೂ ಹೆಚ್ಚು. 1.5 ಚದರ ಮಿಲಿಮೀಟರಿನ ತಂತಿ ಹಾಕಿದರೆ ನಷ್ಟ ಅರ್ಧಕ್ಕಿಳಿಯುತ್ತದೆ. ಸುರುಳಿ ಸುತ್ತಿದ ತಂತಿಯನ್ನು ಪೂರ್ತಿ ಬಿಚ್ಚಿಯೇ ಬಳಸಿರಿ, ಸುತ್ತಿದಂತೆಯೇ ಬಿಟ್ಟರೆ ಒಳಗಿನ ಬಿಸಿ ಹೊರಹೋಗಲಾಗದೆ ರಬ್ಬರು ಕರಗುವುದನ್ನು ನಾನು ಕಂಡಿದ್ದೇನೆ. ನೀರು, ಹಸಿ ಗಾರೆ, ಬರಿಗಾಲು ಒಂದೆಡೆ ಸೇರುವ ಕೆಲಸವಿದು. ಆದ್ದರಿಂದ ವಿದ್ಯುತ್ ಬರುವ ದಾರಿಯಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದ ಕೂಡಲೇ ತಾನಾಗಿ ಸಂಪರ್ಕ ಕಡಿಯುವ ಸ್ವಿಚ್ಚು, ಇರಲೇಬೇಕು. ಯಂತ್ರದ ಮೇಲಿನ ಪಟ್ಟಿಯಲ್ಲಿ ಚೌಕದೊಳಗೊಂದು ಚೌಕದ ಗುರುತು ಇದೆಯೇ ನೋಡಿಕೊಳ್ಳಿ, ಅದು ಎರಡು ಪದರದ ಇನ್ಸುಲೇಷನ್ ಇರುವುದರ ಸಂಕೇತ.

ನನ್ನ ಬಳಿಗೆ ಬರುವ ಸುಟ್ಟ ಮಿಕ್ಸರುಗಳಲ್ಲಿ ಹೆಚ್ಚಿನವು ಕಡಿಮೆ ವ್ಯಾಟಿನದೆಂಬ ಕಾರಣಕ್ಕೆ ಸುಟ್ಟವಲ್ಲ. ಇವುಗಳ ಮೋಟಾರನ್ನು ತಣ್ಣಗಿಡುವ ಫ್ಯಾನ್ ಮೋಟಾರಿನ ದಂಡದ ಮೇಲೆಯೇ ಕೂತಿರುತ್ತದೆ. ಗುಂಡಿಯನ್ನು ಅರ್ಧ ಒತ್ತಿ ನಿಧಾನವಾಗಿ ಕಲಸುತ್ತಿದ್ದರೆ ಭಾರ ಹೆಚ್ಚಾಗಿ ಕರೆಂಟು ಏರುತ್ತದೆ, ಅದೇ ಹೊತ್ತಿಗೆ ಫ್ಯಾನಿನ ಗಾಳಿ ಇಳಿಯುತ್ತದೆ. ಮಾಲು ಗಟ್ಟಿಯಾಗಿದ್ದರೆ ಕಡಿಮೆ ಗೇರಿಗೆ ಹಾಕಿ, ಗುಂಡಿಯನ್ನು ಪೂರ್ತಿ ಒತ್ತಿರಿ. ಮೋಟಾರು ತನ್ನ ವೇಗದಲ್ಲಿ ತಿರುಗುತ್ತದೆ, ಕೋಲು ನಿಧಾನವಾಗಿ ತಿರುಗುತ್ತದೆ. ಕಲಸಿ ಮುಗಿದ ಮೇಲೆ ಯಂತ್ರವನ್ನು ಹೊರಗೆತ್ತಿ ಒಂದು ನಿಮಿಷ ಭಾರವಿಲ್ಲದೆ ಓಡಿಸಿದರೆ ಒಳಗಿನ ಬಿಸಿ ಹೊರಬರುತ್ತದೆ. ಗೇರ್ ಬದಲಿಸುವುದು ಯಂತ್ರ ಪೂರ್ತಿ ನಿಂತ ಮೇಲೆ ಮಾತ್ರ. ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುತ್ತ ಸವೆಯುವ ಕಾರ್ಬನ್ ಬ್ರಷ್‌ಗಳನ್ನು ಹೊರಗಿನಿಂದಲೇ ಬಿಚ್ಚಲು ಬರುವಂತಿದ್ದರೆ ಅದನ್ನು ಆರಿಸಿಕೊಳ್ಳಿ. ಮೆಲ್ಲಗೆ ಶುರುವಾಗುವ ಸಾಫ್ಟ್ ಸ್ಟಾರ್ಟ್ ಇದ್ದರೆ ಮೊದಲ ಸುತ್ತಿಗೇ ಪುಡಿ ಹಾರುವುದಿಲ್ಲ, ಮಣಿಕಟ್ಟಿಗೆ ತಿರುಚೂ ಬರುವುದಿಲ್ಲ. ಗುಂಡಿಯನ್ನು ಒತ್ತಿದಂತೆಯೇ ಹಿಡಿದಿಡುವ ಬೀಗವನ್ನು ಮಾತ್ರ ಯಾರೂ ಬಳಸದಿರಲಿ. ಪ್ಯಾಡಲ್ ಬಕೆಟ್ಟಿಗೆ ಕಚ್ಚಿಕೊಂಡಾಗ ಕೈ ಬಿಟ್ಟೊಡನೆ ಯಂತ್ರ ನಿಲ್ಲಬೇಕು.

ತೂಕದ ವಿಷಯದಲ್ಲಿ, ಈ ಗಾತ್ರದವು 4ರಿಂದ 6 ಕಿಲೋ ಇರುತ್ತವೆ. ಕಲಸುವಾಗ ಮಾಲೇ ಸ್ವಲ್ಪ ತೂಕ ಹೊರುವುದರಿಂದ ಸೊಂಟಕ್ಕೆ ನೋವು ಕೊಡುವುದು ತೂಕಕ್ಕಿಂತಲೂ ಬಗ್ಗುವಿಕೆ. ಪ್ಯಾಡಲ್ ಕೂಡಿಸಿ ನೆಲದ ಮೇಲೆ ನಿಲ್ಲಿಸಿದಾಗ ಹಿಡಿಕೆ ನಿಮ್ಮ ಸೊಂಟದ ಮಟ್ಟಕ್ಕೆ ಬರುತ್ತದೆಯೇ ನೋಡಿರಿ. ಬಾರದಿದ್ದರೆ ಬಕೆಟ್ಟಿನ ಕೆಳಗೆ ಅಲುಗಾಡದ ಮಣೆ ಇಡಬಹುದು. ಹಿಡಿಕೆಗಳ ನಡುವೆ ಅಂತರ ಹೆಚ್ಚಿದ್ದಷ್ಟೂ ತಿರುಚನ್ನು ತಡೆಯುವುದು ಸುಲಭ.

ಮರಳುರಾಶಿ (ಉತ್ತರ):

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಸಿಮೆಂಟು ಮರಳಿನ ಮಾಲಿಗೆ ಕಬ್ಬಿಣದ ತಗಡಿನ ಮೇಲೆ ಸಲಿಕೆಯಿಂದ ಒಣದಾಗಿ ಬಣ್ಣ ಒಂದಾಗುವವರೆಗೆ ಕಲಸಿ, ನಡುವೆ ಗುಂಡಿ ಮಾಡಿ ನೀರು ಬಿಟ್ಟು ಕಲಸುವ ಪದ್ಧತಿ ಇಂದಿಗೂ ಕೆಟ್ಟದ್ದಲ್ಲ. ಇಬ್ಬರಿದ್ದರೆ 240 ಲೀಟರ್ ದೊಡ್ಡ ಮಾತಲ್ಲ. ಯಂತ್ರ ಅನಿವಾರ್ಯವಾಗುವುದು ಜಿಪ್ಸಮ್ಮಿಗೆ, ಏಕೆಂದರೆ ಅಲ್ಲಿ ಸಮಯವೇ ಇಲ್ಲ. ಒಂದೇ ಮನೆಯ ಕೆಲಸವಾದರೆ ಮಿಕ್ಸರನ್ನು ಬಾಡಿಗೆಗೆ ತರುವುದನ್ನೂ ಯೋಚಿಸಿರಿ. ಹಾಗೆ ತಂದದ್ದರ ಪ್ಯಾಡಲ್ಲಿಗೆ ಹಳೆಯ ಸಿಮೆಂಟು ಮೆತ್ತಿಕೊಂಡಿದೆಯೇ, ಕೋಲು ಸೊಟ್ಟಗಾಗಿದೆಯೇ ಎಂದು ನೋಡಿಕೊಂಡು ತನ್ನಿರಿ.

ಗಾರೆಕೈ:

ಇಬ್ಬರಿದ್ದರೆ ಎಂಬ ಮಾತು ನಿಜ, ಆದರೆ ಹಳೆಗೋಡೆ ಅವರು ಒಬ್ಬರೇ ಮಾಡುವವರಂತೆ ಕಾಣುತ್ತದೆ, ಮೇಲಾಗಿ ಸೊಂಟದ ನೋವೂ ಇದೆ. ಒಬ್ಬನೇ ಸಲಿಕೆಯಲ್ಲಿ ಕಲಸುವಾಗ ಹದಿನೈದನೆಯ ಸಲದ ಮಾಲು ಮೊದಲನೆಯದರಂತೆ ಇರುವುದಿಲ್ಲ. ತೋಳು ಸೋತಂತೆ ನೀರು ಹೆಚ್ಚು ಬೀಳುತ್ತದೆ, ನೀರು ಹೆಚ್ಚಾದ ಗಾರೆ ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ. ಯಂತ್ರವಿದ್ದರೂ ನೀರನ್ನು ಅಳತೆಯ ಪಾತ್ರೆಯಿಂದಲೇ ಹಾಕಿರಿ. ಮರಳು ಒದ್ದೆಯಾಗಿದ್ದ ದಿನ ಅಳತೆ ಇಳಿಸಬೇಕಾಗುತ್ತದೆ.

ಮರೆಯದೆ ಹೇಳಬೇಕಾದ ಇನ್ನೊಂದು ಮಾತು: ಚೀಲ ಸುರಿಯುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಎನ್95 ದರ್ಜೆಯ ಮುಖಗವಸು ಹಾಕಿಕೊಳ್ಳಿ. ಹಸಿ ಸಿಮೆಂಟಿನ ಕ್ಷಾರ ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಸಿಡಿದರೆ ಇನ್ನೂ ಅಪಾಯ. ಕನ್ನಡಕವೂ ಕೈಗೆ ಬಿಗಿಯಾಗಿ ಕೂರುವ ರಬ್ಬರಿನ ಕೈಗವಸೂ ಬೇಕು. ಸಡಿಲವಾದ ಬಟ್ಟೆ ತೊಟ್ಟು ಈ ಯಂತ್ರದ ಹತ್ತಿರ ನಿಲ್ಲಬಾರದು.

ಹಳೆಗೋಡೆ:

ಎಲ್ಲರ ಸಲಹೆಯಿಂದ ತುಂಬ ಉಪಕಾರವಾಯಿತು. 1400 ವ್ಯಾಟಿನ, ಎರಡು ಗೇರಿನ, ಎಂ14 ತಿರುಪಿನ ಯಂತ್ರವನ್ನು ಕೊಂಡು, ಎತ್ತುವ ಮತ್ತು ಒತ್ತುವ ಎರಡೂ ಪ್ಯಾಡಲ್‌ಗಳನ್ನು ಬೇರೆಬೇರೆಯಾಗಿ ತಂದೆ. 1.5 ಚದರ ಮಿಲಿಮೀಟರಿನ ತಂತಿಯಲ್ಲಿ ಹೊಸ ಎಕ್ಸ್‌ಟೆನ್ಷನ್ ಮಾಡಿಸಿಕೊಂಡೆ, ಆರ್‌ಸಿಸಿಬಿಯ ಪರೀಕ್ಷಾ ಗುಂಡಿಯೊತ್ತಿ ಅದು ಬೀಳುವುದನ್ನು ಖಚಿತಪಡಿಸಿಕೊಂಡೆ.

ನಿನ್ನೆ ಮೊದಲ ಸಲ ಕಲಸಿದೆ. ನೀರು ಹಾಕಿ, ಅರ್ಧ ಮರಳು ಹಾಕಿ, ಸಿಮೆಂಟು ಸೇರಿಸಿ, ಉಳಿದ ಮರಳನ್ನು ಎರಡು ಕಂತಿನಲ್ಲಿ ಬಿಟ್ಟೆ. ಮೊದಲ ಗೇರಿನಲ್ಲಿ ಗುಂಡಿಯನ್ನು ಪೂರ್ತಿ ಒತ್ತಿದಾಗ ಮಾಲು ಕೋಲಿನ ಪಕ್ಕದಲ್ಲಿ ಉಬ್ಬಿ ಮೇಲೆ ಬಂದು, ಅಂಚಿನ ಕಡೆಗೆ ಮಗುಚಿಕೊಂಡು ಕೆಳಗಿಳಿಯುವುದು ಕಣ್ಣಿಗೆ ಕಾಣುತ್ತಿತ್ತು. ಮೂರು ನಿಮಿಷಕ್ಕೆ ಬಣ್ಣ ಒಂದೇ ಸಮವಾಯಿತು. ಗೇರಿನ ಪೆಟ್ಟಿಗೆ ಉಗುರುಬೆಚ್ಚಗಿತ್ತು ಅಷ್ಟೆ. ಒಂದೇ ತೊಂದರೆ ಎಂದರೆ ಬಕೆಟ್ಟಿನ ತಳ ಗೋಡೆಗೆ ಕೂಡುವ ಮೂಲೆಯಲ್ಲಿ ಒಂದು ಬೆರಳಿನಷ್ಟು ದಪ್ಪಕ್ಕೆ ಒಣ ಮರಳು ಉಳಿದಿತ್ತು.

ಸುಣ್ಣದನೀರು (ಉತ್ತರ):

ಅದು ಚೂಪು ಮೂಲೆಯ ಬಕೆಟ್ಟಿನ ದೋಷ, ಪ್ಯಾಡಲ್ ಅಲ್ಲಿಗೆ ಮುಟ್ಟುವುದಿಲ್ಲ. ತಳ ದುಂಡಗಾಗಿ ಬಾಗಿರುವ, 40 ಲೀಟರ್ ಹಿಡಿಯುವ ಮೆದು ಪ್ಲಾಸ್ಟಿಕ್ಕಿನ ಟಬ್ ತೆಗೆದುಕೊಂಡು ಅರ್ಧದಷ್ಟೇ ತುಂಬಿಸಿರಿ. ಅದು ಸಿಗುವವರೆಗೆ, ಎರಡನೆಯ ನಿಮಿಷಕ್ಕೆ ಯಂತ್ರ ನಿಲ್ಲಿಸಿ, ಪ್ಲಗ್ ತೆಗೆದು, ಕರಣೆಯನ್ನು ಬಕೆಟ್ಟಿನ ಅಂಚಿಗೆ ಒತ್ತಿ ಒಂದು ಸುತ್ತು ಕೆರೆದು ನಡುವಿಗೆ ಎಳೆದುಕೊಂಡು, ಆಮೇಲೆ ಉಳಿದ ಎರಡು ನಿಮಿಷ ಕಲಸಿರಿ.